ಎಷ್ಟು ಜನ?

ನಮ್ಮ ಕಡೆ ಹೋಟೆಲಿಗೆಂದೇ ಮನೆಯಿಂದ ಹೊರಡುವವರು ಕಡಿಮೆ. ಮೂಡಿಗೆರೆ, ಕಳಸದ ಕಡೆಯ ಮನೆಗಳು ಒಂದಕ್ಕೊಂದು ದೂರ. ಮನೆಯಿಂದ ಟಾರು ರಸ್ತೆಗೆ ನಡೆದು ಬರುವುದಕ್ಕೇ ಅರ್ಧ ಗಂಟೆ ಹಿಡಿಯುವ ತೋಟಗಳಿವೆ. ಆಸ್ಪತ್ರೆಗೆ, ಬ್ಯಾಂಕಿಗೆ, ಮದುವೆಯ ಜವಳಿಗೆ, ದೇವಸ್ಥಾನಕ್ಕೆ ಎಂದು ಹೊರಡುತ್ತೇವೆ. ದಾರಿಯಲ್ಲಿ ಹೋಟೆಲು ಸಿಗುತ್ತದೆ. ಹೊಕ್ಕು ತಿಂದು ಮುಂದೆ ಹೋಗುತ್ತೇವೆ. ಆದರೆ ಮನೆಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ಬ್ಯಾಂಕಿನ ಕೆಲಸವಲ್ಲ, ಕೊಟ್ಟಿಗೆಹಾರದ ನೀರುದೋಸೆ.

ನೀರುದೋಸೆ ನಮ್ಮೆಲ್ಲರ ಮನೆಯಲ್ಲೂ ಆಗುವಂಥದ್ದೇ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ನೀರಾಗಿ ಕಲಸಿ, ಕಾದ ಕಾವಲಿಯ ಮೇಲೆ ಹೊಯ್ದರಾಯಿತು. ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ಆದರೂ ಚಾರ್ಮಾಡಿ ಘಾಟಿ ಹತ್ತಿ ಬಂದವರು, ಘಾಟಿ ಇಳಿಯುವವರು, ಕಳಸ-ಹೊರನಾಡಿನ ಕಡೆಗೆ ತಿರುಗುವವರು ಎಲ್ಲರೂ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ ಅದನ್ನೇ ಕೇಳುತ್ತಾರೆ. ಮನೆಯಲ್ಲಿ ದೋಸೆ ಹೊಯ್ಯುವವಳು ನಾನು. ಎಲ್ಲರದೂ ಮುಗಿದು ನನ್ನ ಸರದಿ ಬರುವ ಹೊತ್ತಿಗೆ ಚಟ್ನಿಯ ಪಾತ್ರೆ ತಳ ಕಂಡಿರುತ್ತದೆ. ಹೋಟೆಲಿನಲ್ಲಿ ನನ್ನ ಮುಂದೆಯೂ ಬಿಸಿ ದೋಸೆ ತಾನಾಗಿ ಬಂದು ಬೀಳುತ್ತದೆ. ಹೆಂಗಸರಿಗೆ ಹೋಟೆಲು ಯಾಕೆ ಅಷ್ಟು ಇಷ್ಟ ಎಂದು ಗಂಡಸರು ತಮಾಷೆ ಮಾಡುವುದುಂಟು. ಕಾರಣ ಇಷ್ಟೇ.

ಈ ಸಂತೋಷದ ಜಾಗದಲ್ಲಿ ನನ್ನಿಂದ ಒಂದು ತಪ್ಪಾಯಿತು. ಬಹಳ ಚಿಕ್ಕ ತಪ್ಪು. ಒಂದೇ ಒಂದು ಶಬ್ದದ್ದು. ಅದನ್ನು ಹೇಳಿಕೊಳ್ಳುವುದಕ್ಕೇ ಇಷ್ಟು ಪೀಠಿಕೆ.

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದ ಮೇಲೆ, ಮೊಮ್ಮಗನ ಹೆಸರಿನಲ್ಲಿ ಹೇಳಿಕೊಂಡಿದ್ದ ಹರಕೆ ತೀರಿಸಲು ಹೊರನಾಡಿಗೆ ಹೊರಟಿದ್ದೆವು. ನಮ್ಮ ಯಜಮಾನರು, ಎಂಬತ್ತು ದಾಟಿದ ಅತ್ತೆ, ಮಗ, ಸೊಸೆ, ಐದು ವರ್ಷದ ಮೊಮ್ಮಗ, ನಾನು. ಬಾಡಿಗೆ ಜೀಪು. ಓಡಿಸುವವನು ನನ್ನ ಹಳೆಯ ವಿದ್ಯಾರ್ಥಿ. 2001-02ರ ಸಾಲಿನಲ್ಲಿ ಏಳನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದವನು. ಲೆಕ್ಕದಲ್ಲಿ ಚುರುಕು, ಕಾಗುಣಿತದಲ್ಲಿ ಮಂದ. ಹತ್ತನೆಯ ತರಗತಿಗೆ ಓದು ನಿಲ್ಲಿಸಿ, ಕ್ಲೀನರ್ ಆಗಿ, ಡ್ರೈವರ್ ಆಗಿ, ಸಾಲ ಮಾಡಿ ಸ್ವಂತ ಜೀಪು ಕೊಂಡಿದ್ದಾನೆ. ಊರಿನಲ್ಲಿ ಯಾರಿಗೆ ರಾತ್ರಿ ಹನ್ನೆರಡಕ್ಕೆ ಹೊಟ್ಟೆನೋವು ಬಂದರೂ ಮೊದಲು ಫೋನು ಹೋಗುವುದು ಅವನಿಗೆ.

ಬೆಳಗಿನ ಎಂಟೂವರೆಗೆ ಕೊಟ್ಟಿಗೆಹಾರದಲ್ಲಿ ಇಳಿದೆವು. ಜೀಪಿನಿಂದ ಅತ್ತೆಯನ್ನು ಕೈಹಿಡಿದು ಇಳಿಸಿದವನು ಅವನೇ. ಮೊಮ್ಮಗನ ಚಪ್ಪಲಿ ಸೀಟಿನ ಕೆಳಗೆ ಜಾರಿತ್ತು. ಬಗ್ಗಿ ತೆಗೆದುಕೊಟ್ಟವನೂ ಅವನೇ. ಹೋಟೆಲಿನಲ್ಲಿ ಜನ ಇದ್ದರು. ಮೇಜು ಒರೆಸುತ್ತಿದ್ದ ಹುಡುಗ, ಅಸ್ಸಾಮಿನ ಕಡೆಯವನಿರಬೇಕು, ತನಗೆ ಗೊತ್ತಿದ್ದ ಎರಡು ಕನ್ನಡ ಶಬ್ದವನ್ನು ಜೋಡಿಸಿ ಕೇಳಿದ: "ಎಷ್ಟ್ ಜನ?"

"ಆರು" ಎಂದೆ.

ಹುಡುಗ ಆರು ಕುರ್ಚಿ ಸರಿಮಾಡಿದ. ನಾವು ಕುಳಿತೆವು. ನನ್ನ ಹಿಂದೆಯೇ ನಿಂತಿದ್ದ ಜೀಪಿನ ಹುಡುಗ ಏನೂ ಹೇಳದೆ ಬಾಗಿಲ ಪಕ್ಕದ ಚಿಕ್ಕ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತ. ಬಿಲ್ಲು ಕೊಡುವಾಗ ನಮ್ಮ ಯಜಮಾನರು "ಅವನದೂ ಸೇರಿಸಿ" ಎಂದು ಗಲ್ಲಾದವರಿಗೆ ಹೇಳಿದರು. ಅದು ನಮ್ಮ ಮನೆಯ ಪದ್ಧತಿ. ಬಾಡಿಗೆಯ ಮೇಲೆ ದಿನದ ಬಾಟಾ ಕೊಟ್ಟರೂ ತಿಂಡಿ, ಊಟ ನಾವೇ ಕೊಡಿಸುತ್ತೇವೆ. ಈ ಒಂದು ವಿಷಯಕ್ಕೆ ನಾವು ಒಳ್ಳೆಯ ಜನ ಎಂಬ ಹೆಮ್ಮೆಯೂ ನನಗಿತ್ತು.

ಅವತ್ತೇ ಮಧ್ಯಾಹ್ನ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನ ಮುಗಿಸಿ ಊಟಕ್ಕೆ ಕುಳಿತೆವು. ಅಲ್ಲಿ ಬಂದವರಿಗೆಲ್ಲ ಊಟ. ಎಷ್ಟು ಜನ ಬಂದಿರಿ, ಎಲ್ಲಿಂದ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಜಾಗ ಸಿಕ್ಕ ಕಡೆ ಕೂರುವುದು. ಜನ ನೂಕಿದ ರಭಸಕ್ಕೆ ಜೀಪಿನ ಹುಡುಗ ನನ್ನ ಮೊಮ್ಮಗನ ಪಕ್ಕದಲ್ಲೇ ಕುಳಿತ. ಸಾರು ಬಿಸಿಯಿತ್ತು, ಮಗುವಿನ ಅನ್ನವನ್ನು ಅವನೇ ಕಲಸಿ ಆರಿಸಿಕೊಟ್ಟ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಅದು ಅನ್ನಿಸಿದ್ದು ವಾಪಸು ಬರುವಾಗ, ಕಳಸ ದಾಟಿ ತಿರುವುಗಳು ಶುರುವಾದ ಮೇಲೆ. ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಕುಳಿತವನು ಮಧ್ಯಾಹ್ನ ನಮ್ಮ ಸಾಲಿನಲ್ಲೇ ಕುಳಿತಿದ್ದ. ನಡುವೆ ಬದಲಾದದ್ದೇನು? ಅವನು ಬದಲಾಗಿರಲಿಲ್ಲ, ನಾವೂ ಬದಲಾಗಿರಲಿಲ್ಲ. ಒಂದು ಊಟ ದೇವಿಯದು, ಇನ್ನೊಂದು ತಿಂಡಿ ನಮ್ಮ ದುಡ್ಡಿನದು. ದೇವಿಯ ಅನ್ನಕ್ಕೆ ಅವನು ನಮ್ಮ ಹಾಗೇ ಒಬ್ಬ ಭಕ್ತ. ನನ್ನ ದುಡ್ಡಿನ ನೀರುದೋಸೆಗೆ ಬಂದಾಗ ಮಾತ್ರ ನಾನು ಲೆಕ್ಕ ಹಾಕಿದೆ, ಆ ಲೆಕ್ಕದಲ್ಲಿ ಅವನು ಬರಲಿಲ್ಲ. ಎಲ್ಲ ಕಡೆಯ ಪಂಕ್ತಿಯೂ ಹೀಗೇ ಎಂದು ನಾನು ಹೇಳಲಾರೆ. ಪಂಕ್ತಿಭೇದದ ಜಗಳಗಳನ್ನು ನಾಡಿನಲ್ಲಿ ನೋಡಿದ್ದೇವೆ. ನನ್ನ ಮಟ್ಟಿಗೆ ಅವತ್ತು ನಡೆದದ್ದು ಇದು.

ಲೆಕ್ಕ ಎಂದಾಗ ಇನ್ನೊಂದು ನೆನಪು ಚುಚ್ಚಿತು. 2002ರ ಜನವರಿಯಲ್ಲಿ ನಾವು ಅವನ ತರಗತಿಯನ್ನು ಬೇಲೂರು, ಹಳೇಬೀಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಒಟ್ಟು 43 ಮಕ್ಕಳು. ಬಸ್ಸು ನಿಂತಾಗ ಒಮ್ಮೆ, ಹೊರಡುವಾಗ ಒಮ್ಮೆ ತಲೆಯ ಮೇಲೆ ಬೆರಳಿಟ್ಟು ಎಣಿಸಿದ್ದೇ ಎಣಿಸಿದ್ದು. ಹಳೇಬೀಡಿನಲ್ಲಿ 42 ಬಂತು. ಎದೆ ಧಸಕ್ಕೆಂದಿತು. ಹುಡುಕಿದರೆ ಇವನೇ! ದೇವಸ್ಥಾನದ ಹೊರಗೋಡೆಯ ಆನೆಗಳ ಸಾಲನ್ನು ಎಣಿಸುತ್ತಾ ಹಿಂದೆ ಉಳಿದಿದ್ದ. ಅವನ ಕಿವಿ ಹಿಂಡಿ ಬಸ್ಸು ಹತ್ತಿಸಿ, ಮತ್ತೆ ಎಣಿಸಿ, 43 ಆದ ಮೇಲೆಯೇ ನನಗೆ ಉಸಿರು ಬಂದದ್ದು. ಒಂದು ತಲೆ ಕಡಿಮೆಯಾದರೆ ಬಸ್ಸು ಹೊರಡಿಸದ ಹೆಂಗಸು ನಾನು. ಇಪ್ಪತ್ತೆರಡು ವರ್ಷದ ಮೇಲೆ ಅದೇ ತಲೆಯನ್ನು ಕೊಟ್ಟಿಗೆಹಾರದಲ್ಲಿ ಎಣಿಸದೆ ಬಿಟ್ಟೆ.

ಮೇಷ್ಟರ ಕೆಲಸದಲ್ಲಿ ಎಣಿಕೆ ಎಂಬುದು ಚಿಕ್ಕ ಮಾತಲ್ಲ. 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೂ ಬಿಸಿಯೂಟ ಬಂದ ಮೇಲಂತೂ ಬೆಳಗಿನ ಹಾಜರಿಯೇ ಅಡುಗೆಯ ಲೆಕ್ಕ. ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರೆಗಿನ ಮಗುವಿಗೆ 150 ಗ್ರಾಂ. ಹಾಜರಿ ಎಣಿಸಿ ಚೀಟಿ ಕಳಿಸಿದರೆ ಅಡುಗೆಯವರು ಅಷ್ಟಕ್ಕೆ ಅಕ್ಕಿ ಅಳೆಯುತ್ತಾರೆ. ಎಣಿಕೆಯಲ್ಲಿ ಬಿಟ್ಟುಹೋದ ಮಗುವಿಗೆ ಆ ದಿನ ಬೇರೆಯವರ ಪಾಲಿನಿಂದ ಕೊಡಬೇಕು. ಊಟ ಸಿಗುತ್ತದೆ, ಇಲ್ಲವೆಂದಲ್ಲ. ಆದರೆ ಅದು ಅವನದೆಂದು ಅಳೆದ ಊಟವಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಬಹಳ ಬೇಗ ಗೊತ್ತಾಗುತ್ತದೆ. ತಟ್ಟೆ ಹಿಡಿದು ನಿಲ್ಲುವ ರೀತಿಯಲ್ಲೇ ಕಾಣುತ್ತದೆ.

ನೀವು ಕೇಳಬಹುದು, ಆ ಡ್ರೈವರನ ಜಾತಿ ಯಾವುದೆಂದು. ಬರೆಯುವುದಿಲ್ಲ. ಅದು ತಿಳಿದರೆ ನನ್ನ ತಪ್ಪನ್ನು ಅಳೆಯುವುದು ನಿಮಗೆ ಸುಲಭವಾಗುತ್ತದೆ. ತಪ್ಪಿಸಿಕೊಳ್ಳುವುದು ನನಗೂ ಸುಲಭವಾಗುತ್ತದೆ. ಕೆಳಗಿನ ಜಾತಿ ಎಂದರೆ "ಇದು ಹಳೆಯ ರೋಗ" ಎಂದು ಶತಮಾನಗಳ ಮೇಲೆ ಹೊರೆ ಹಾಕಬಹುದು. ನಮ್ಮದೇ ಜಾತಿ ಎಂದರೆ "ಹಾಗಾದರೆ ಅದು ಬರೀ ಮರೆವು" ಎಂದು ಕೈತೊಳೆದುಕೊಳ್ಳಬಹುದು. ನನಗೆ ಎರಡೂ ಬೇಡ.

ಹಳೆಯ ರೋಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂದೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. 1979ರ ಸುಮಾರಿಗೆ, ನಾನು ಹನ್ನೊಂದು ವರ್ಷದವಳಿದ್ದಾಗ, ಸಂತೆಯ ದಿನ ಅವರ ಜೊತೆ ಪೇಟೆಗೆ ಹೋಗುತ್ತಿದ್ದೆ. ಸಾಮಾನಿನ ಚೀಲ ಹೊರಲು ಲೈನಿನಿಂದ ಒಬ್ಬ ಮುದುಕ ಬರುತ್ತಿದ್ದ. ಸಂತೆ ಮುಗಿಸಿ ಹೋಟೆಲಿಗೆ ಹೋಗುವುದು ನನ್ನ ಪಾಲಿನ ಹಬ್ಬ. ಗಂಡಸರು ಹೊರಗಿನ ಬೆಂಚಿನಲ್ಲಿ ಕೂರುವರು. ಹೆಂಗಸು, ಮಕ್ಕಳು ಇದ್ದರೆ ಒಳಗೆ ಹಲಗೆ ಹೊಡೆದು ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮು'. ನನಗಿಂತ ಚಿಕ್ಕವನೊಬ್ಬ ಮಾಣಿ ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದ. ಆ ವಯಸ್ಸಿಗೆ ಅವನು ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ನಾನು ಕೇಳಿದವಳಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಆದೇಶ ಜಾರಿಗೆ ಬರಲು 2006ರ ಅಕ್ಟೋಬರ್ 10ರವರೆಗೆ ಕಾಯಬೇಕಾಯಿತು.

ನಮಗೆ ಒಳಗೆ ಮಸಾಲೆದೋಸೆ ಬರುತ್ತಿತ್ತು. ಮುದುಕ ಹಿತ್ತಿಲ ಕಡೆಗೆ ಹೋಗುತ್ತಿದ್ದ. ಸೂರಿನ ಸಂದಿಯಲ್ಲಿ ಸಿಕ್ಕಿಸಿದ್ದ ಗಾಜಿನ ಲೋಟವನ್ನು ತಾನೇ ತೆಗೆದು, ತಾನೇ ತೊಳೆದು ಕೆಳಗಿಡುತ್ತಿದ್ದ. ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು, ಮತ್ತೆ ತೊಳೆದು, ಸಂದಿಯಲ್ಲಿ ಸಿಕ್ಕಿಸಿ ಬರುತ್ತಿದ್ದ. ಅವನೇ ಕೊಯ್ದ ಕಾಫಿಯೋ ಏನೋ! ನಮ್ಮ ತಂದೆ ಕಠಿಣ ಮನಸ್ಸಿನವರಲ್ಲ. "ಅವನಿಗೆ ಎರಡು ವಡೆ ಕೊಡಿ, ಹಸಿದಿರುತ್ತಾನೆ" ಎಂದು ತಾವಾಗಿ ಹೇಳಿ ದುಡ್ಡು ಕೊಡುತ್ತಿದ್ದರು. ಮನೆಗೆ ಬಂದು ಅಮ್ಮನ ಹತ್ತಿರ "ಅವನಿಗೂ ಕೊಡಿಸಿದೆ" ಎಂದು ಹೇಳುವಾಗ ಅವರ ದನಿಯಲ್ಲಿ ನಿಜವಾದ ತೃಪ್ತಿ ಇರುತ್ತಿತ್ತು.

ಮುಂದೆ ಬಿ.ಎ. ಓದುವಾಗ ಸಂವಿಧಾನದ 15ನೆಯ ವಿಧಿಯ 2ನೆಯ ಖಂಡವನ್ನು ಬಾಯಿಪಾಠ ಮಾಡಿದೆ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಹೋಗುವುದಕ್ಕೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾವ ಪ್ರಜೆಗೂ ಅಡ್ಡಿ ಮಾಡಬಾರದು ಎಂಬುದು ಅದರ ತಾತ್ಪರ್ಯ. ನಾಡಿನ ಅತಿ ದೊಡ್ಡ ಶಾಸನದಲ್ಲಿ ಹೋಟೆಲಿನ ಹೆಸರು ಯಾಕೆ ಬಂತು ಎಂದು ಸಹಪಾಠಿಗಳು ನಕ್ಕಿದ್ದರು. ನನಗೆ ಸೂರಿನ ಲೋಟ ನೆನಪಾಗಿ ನಗು ಬರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾಡದ ಚೌಡಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದದ್ದೂ ಇದಕ್ಕಾಗಿಯೇ ಎಂದು ತಿಳಿಯಿತು. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನು ಬಂದದ್ದು 1955ರಲ್ಲಿ. ಅದನ್ನು ಬಿಗಿಮಾಡಿ ನಾಗರಿಕ ಹಕ್ಕುಗಳ ರಕ್ಷಣೆಯ ಕಾನೂನು ಎಂದು ಹೆಸರು ಬದಲಿಸಿದ್ದು 1976ರಲ್ಲಿ. ಅಂದರೆ ನಾನು ಮುದುಕನ ಲೋಟವನ್ನು ನೋಡುವ ಹೊತ್ತಿಗೆ ಕಾನೂನಿಗೆ ಇಪ್ಪತ್ತನಾಲ್ಕು ವರ್ಷ ವಯಸ್ಸಾಗಿತ್ತು. ತೋಟಗಳಿಗೆ ಬೇರೆಯೇ ಕಾಯಿದೆಯೊಂದಿತ್ತು, 1951ರದ್ದು. ನೂರೈವತ್ತು ಕೆಲಸಗಾರರಿರುವ ತೋಟದಲ್ಲಿ ಕ್ಯಾಂಟೀನು ಇರಬೇಕೆಂದು ಅದು ಹೇಳಿತ್ತು. ಕಾನೂನು ಮಾಡಿದವರು ಎಲ್ಲವನ್ನೂ ಯೋಚಿಸಿದ್ದರು. ಆದರೆ ಲೋಟ ಸೂರಿನಲ್ಲೇ ಇತ್ತು.

ಹೋಟೆಲಿಗೆ ನ್ಯಾಯವಾಗಿ ಸಲ್ಲಬೇಕಾದ ಮೆಚ್ಚಿಗೆಯೂ ಉಂಟು. ಹಿಂದಿನ ಕಾಲದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಎಂಬ ವ್ಯವಸ್ಥೆ ಇದ್ದದ್ದು ನಿಜ. ಆದರೂ ಕೊನೆಗೆ ಗೆದ್ದದ್ದು ಗಲ್ಲಾಪೆಟ್ಟಿಗೆ. ಮನೆಯ ಜಗಲಿ ಹತ್ತಿಸದವರ ಪಕ್ಕದಲ್ಲಿ ಹೋಟೆಲಿನ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕೂರುವುದನ್ನು ನಮ್ಮ ಜನ ಕಲಿತರು. ಇವತ್ತಿಗೂ ಜನ ತುಂಬಿದಾಗ ಯಾರೋ ಬಂದು "ಇಲ್ಲಿ ಕೂರಬಹುದಾ?" ಎನ್ನುತ್ತಾರೆ, ನಾವು ಚೀಲ ಸರಿಸಿ ಜಾಗ ಮಾಡಿಕೊಡುತ್ತೇವೆ. ಅವರ ಕುಲಗೋತ್ರ ವಿಚಾರಿಸುವುದಿಲ್ಲ.

ಇಲ್ಲಿಯೇ ನನಗೆ ಒಗಟು ಕಂಡದ್ದು. ಗುರುತಿಲ್ಲದವನ ಜೊತೆ ಒಂದೇ ಮೇಜಿನಲ್ಲಿ ಸಂಕೋಚವಿಲ್ಲದೆ ತಿನ್ನುತ್ತೇವೆ. ಗುರುತಿರುವ, ನಮ್ಮನ್ನು ಜೋಪಾನವಾಗಿ ಕರೆತಂದ ಮನುಷ್ಯ ಮಾತ್ರ ಬೇರೆ ಮೇಜಿಗೆ ಹೋಗಬೇಕು. ಯಾಕೆ? ಗುರುತಿಲ್ಲದವನು ಕೈತೊಳೆದು ಎದ್ದು ಹೋಗುತ್ತಾನೆ. ಅವನಿಂದ ನಮಗೆ ಏನೂ ಆಗಬೇಕಾಗಿಲ್ಲ. ಗುರುತಿನವನು ನಾಳೆಯೂ ಬರುತ್ತಾನೆ. ಇವತ್ತು ಪಕ್ಕದಲ್ಲಿ ಕೂರಿಸಿಕೊಂಡರೆ ನಾಳೆ ಬಾಡಿಗೆ ಚೌಕಾಸಿ ಮಾಡುವುದು ಹೇಗೆ, ಹೊತ್ತಾಯಿತೆಂದು ಗದರುವುದು ಹೇಗೆ ಎಂಬ ಅಳುಕು ಒಳಗೆಲ್ಲೋ ಇರುತ್ತದೆ. ಜಾತಿ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈಗ ಈ ಅಳುಕು ಮಾಡುತ್ತಿದೆ. ಇದಕ್ಕೆ ಕಾನೂನಿನಲ್ಲಿ ವಿಧಿಯಿಲ್ಲ. ಹೋಟೆಲಿನ ಬಾಗಿಲನ್ನು ಕಾನೂನು ತೆರೆಸಬಹುದು. "ಎಷ್ಟು ಜನ?" ಎಂದು ಕೇಳಿದಾಗ ನಾನು ಏನು ಹೇಳಬೇಕೆಂದು ಅದು ಹೇಳಲಾರದು.

ತಪ್ಪು ಗೊತ್ತಾದ ಮೇಲೆ ಸರಿಮಾಡಲು ಹೊರಟೆ. ಮೇಷ್ಟರ ಸ್ವಭಾವವೇ ಅದು. ಒಂದು ತಿಂಗಳ ನಂತರ ಅತ್ತೆಯ ಕಣ್ಣಿನ ಪೊರೆ ತೋರಿಸಲು ಚಿಕ್ಕಮಗಳೂರಿಗೆ ಹೋದೆವು. ಅದೇ ಜೀಪು, ಅದೇ ಹುಡುಗ. ಆಸ್ಪತ್ರೆ ಮುಗಿಸಿ ಹೋಟೆಲಿಗೆ ಹೋದಾಗ "ನೀನು ನಮ್ಮ ಜೊತೆಗೇ ಕೂರಬೇಕು" ಎಂದೆ. "ಬೇಡ ಟೀಚರ್, ನೀವು ಕೂತ್ಕಳಿ" ಎಂದ. ನಾನು ಬಿಡಲಿಲ್ಲ. ತರಗತಿಯ ದನಿ ತೆಗೆದು "ಕೂತ್ಕೋ ಅಂದ್ನಲ್ಲ" ಎಂದೆ. ಕುಳಿತ, ಕುರ್ಚಿಯ ತುದಿಯಲ್ಲಿ. ಏನು ಬೇಕೆಂದರೆ ಎರಡು ಇಡ್ಲಿ ಎಂದ. ನಾವೆಲ್ಲ ಮಸಾಲೆದೋಸೆ ಹೇಳಿದ್ದೆವು. ನಮ್ಮ ದೋಸೆ ಬರುವ ಮೊದಲೇ ಅವನ ಇಡ್ಲಿ ಮುಗಿದಿತ್ತು. ತಟ್ಟೆ ನೋಡುತ್ತಾ ಕುಳಿತಿದ್ದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿಂದರು. ನಮ್ಮ ಯಜಮಾನರು ಅವನ ಹತ್ತಿರ ಡೀಸೆಲಿನ ಬೆಲೆ ಮಾತಾಡಿದರು, ಆಮೇಲೆ ಮಳೆ ಮಾತಾಡಿದರು, ಆಮೇಲೆ ಸುಮ್ಮನಾದರು. ಕಾಫಿಗೂ ಕಾಯದೆ "ಗಾಡಿ ನೋಡ್ತೀನಿ" ಎಂದು ಎದ್ದು ಹೋದ.

"ನಿನ್ನ ಸಮಾಧಾನಕ್ಕೆ ಅವನ ಊಟ ಕೆಡಿಸಿದೆ" ಎಂದರು ನಮ್ಮ ಯಜಮಾನರು.

ಆ ಮಾತು ನನಗೆ ಕೋಪ ತರಿಸಿತು, ನಿಜವಾಗಿದ್ದರಿಂದ. ತಂದೆಯವರು ವಡೆ ಕೊಡಿಸಿ ತೃಪ್ತಿಪಟ್ಟರು. ನಾನು ಕುರ್ಚಿ ಕೊಡಿಸಿ ತೃಪ್ತಿಪಡಲು ಹೊರಟಿದ್ದೆ. ಎರಡರಲ್ಲೂ ಎದುರಿಗಿದ್ದವನನ್ನು ಕೇಳುವ ಕೆಲಸ ಆಗಿರಲಿಲ್ಲ.

ವಾಪಸು ಬರುವಾಗ ಮೂಡಿಗೆರೆ ಹತ್ತಿರ ಜೀಪಿನ ಚಕ್ರ ಪಂಕ್ಚರ್ ಆಯಿತು. ಅವನು ಚಕ್ರ ಬಿಚ್ಚುತ್ತಿದ್ದ. ಉಳಿದವರು ಮರದ ನೆರಳಿನಲ್ಲಿದ್ದರು. ನಾನು ಹತ್ತಿರ ಹೋಗಿ ನಿಂತೆ. "ಬೇಜಾರು ಮಾಡಿದ್ನೇನೋ ನಿಂಗೆ" ಎಂದೆ. ಅವನು ತಲೆ ಎತ್ತದೆ ಹೇಳಿದ್ದನ್ನು ಆದಷ್ಟು ಅವನ ಮಾತಿನಲ್ಲೇ ಬರೆಯುತ್ತೇನೆ.

"ಇಲ್ಲ ಟೀಚರ್. ನಮಗೂ ಊಟದ ಹೊತ್ತು ಅಂದ್ರೆ ಒಂದು ಗಳಿಗೆ ಬಿಡುವು. ಬೇರೆ ಡ್ರೈವರ್‌ಗಳು ಸಿಕ್ತಾರೆ, ಘಾಟೀಲಿ ಮರ ಬಿದ್ದಿದ್ಯಾ, ಯಾವ ರೋಡು ಕೆಟ್ಟಿದೆ, ಯಾರು ಎಷ್ಟು ಬಾಡಿಗೆ ತಗೊಂಡ್ರು, ಎಲ್ಲಾ ಅಲ್ಲೇ ಗೊತ್ತಾಗೋದು. ಕೆಲವು ಹೋಟೆಲ್‌ನೋರು ಗಾಡಿ ನಿಲ್ಸಿದ್ದಕ್ಕೆ ನಮಗೆ ಅಂತ ಚೆನ್ನಾಗಿ ನೋಡ್ಕೋತಾರೆ. ನಿಮ್ಮ ಜೊತೆ ಕೂತ್ರೆ ನಂಗೆ ಸರಿಯಾಗಿ ತಿನ್ನಕ್ಕೇ ಆಗಲ್ಲ." ಸ್ವಲ್ಪ ಹೊತ್ತು ನಟ್ಟು ತಿರುಗಿಸಿದ. "ಅವತ್ತು ಕೊಟ್ಟಿಗೆಹಾರದಲ್ಲಿ ನಾನು ಹೇಗಿದ್ರೂ ಆಚೆಗೇ ಕೂರ್ತಿದ್ದೆ. ನೀವು ಆರು ಅಂದ್ರಲ್ಲ, ಅದು ಮಾತ್ರ..."

ಮಾತು ಮುಗಿಸಲಿಲ್ಲ. ಚಕ್ರ ಏರಿಸಲು ನನ್ನನ್ನು ಸ್ವಲ್ಪ ಹಿಂದೆ ಸರಿಯಲು ಹೇಳಿದ.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಪೌರನೀತಿ ಪಾಠ ಮಾಡಿದ್ದೇನೆ. ಸಮಾನತೆ ಎಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುವುದು ಎಂದೇ ಹೇಳಿಕೊಟ್ಟಿದ್ದೇನೆ, ಮಕ್ಕಳನ್ನು ಹಾಗೇ ಕೂರಿಸಿದ್ದೇನೆ. ಶಾಲೆಯ ಮಟ್ಟಿಗೆ ಅದು ಸರಿ. ಅಲ್ಲಿ ಯಾರಿಗೂ ಬೇರೆ ಸಾಲು ಆರಿಸಿಕೊಳ್ಳುವ ಅವಕಾಶ ಇರಕೂಡದು. ಆದರೆ ಬೆಳೆದವರ ನಡುವೆ ಕೂರುವುದಕ್ಕೆ ಮೊದಲು ಎಣಿಕೆ ಬರುತ್ತದೆ. ಎಣಿಕೆಯಲ್ಲಿ ಇರುವವನು ಮಾತ್ರ "ನನಗೆ ಬೇಡ, ನಾನು ಆ ಮೇಜಿಗೆ ಹೋಗುತ್ತೇನೆ" ಎನ್ನಬಲ್ಲ. ಎಣಿಕೆಯಲ್ಲೇ ಇಲ್ಲದವನಿಗೆ ಬೇಡವೆನ್ನುವ ಹಕ್ಕೂ ಇಲ್ಲ. ಅವನು ಅದೇ ಆಚೆಯ ಮೇಜಿಗೇ ಹೋಗಿ ಕುಳಿತರೂ ಅದು ಅವನು ಆರಿಸಿಕೊಂಡದ್ದಲ್ಲ, ಅವನಿಗೆ ಉಳಿದದ್ದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಅದೇ ಮೇಜು, ಅದೇ ತಟ್ಟೆ, ಅದೇ ಬಿಲ್ಲು. ಒಳಗೆ ಮಾತ್ರ ಭೂಮಿ ಆಕಾಶದ ಅಂತರ.

ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ನಮ್ಮ ಅಮ್ಮ ಸಂಜೆ ಅಕ್ಕಿ ಅಳೆಯುವಾಗ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು: ಅಪ್ಪ, ಮಕ್ಕಳು, ಬಂದ ನೆಂಟರು. ತನ್ನ ಬೆರಳನ್ನು ಎಂದೂ ಮಡಚಿದವಳಲ್ಲ. ಉಳಿದರೆ ಉಂಟು, ಇಲ್ಲದಿದ್ದರೆ ಬೆಳಗಿನ ರೊಟ್ಟಿ. "ನಂಗೆ ಹಸಿವಿಲ್ಲ" ಎನ್ನುವಳು, ನಾವು ನಂಬುತ್ತಿದ್ದೆವು. ನಂಬಿದರೆ ನಮಗೆ ಅನುಕೂಲವಿತ್ತು. ಡ್ರೈವರಿಗೆ ಬೇರೆ ಕೂರುವುದೇ ಇಷ್ಟ ಎಂಬ ಮಾತನ್ನೂ ನಾವು ಹಾಗೇ ಅನುಕೂಲಕ್ಕೆ ನಂಬುತ್ತೇವೆ. ಅದು ನಿಜವೇ ಆಗಿರಬಹುದು, ಈ ಹುಡುಗನ ವಿಷಯದಲ್ಲಿ ಆಗಿತ್ತು ಕೂಡ. ಆದರೆ ಕೇಳಿ ತಿಳಿದ ನಿಜ ಬೇರೆ, ಕೇಳದೆ ಊಹಿಸಿಕೊಂಡ ನಿಜ ಬೇರೆ.

ಇಷ್ಟು ಯೋಚಿಸಿ ಮುಗಿಸಿದೆ ಎಂದುಕೊಳ್ಳುವಷ್ಟರಲ್ಲಿ ನಮ್ಮ ಅಡುಗೆಮನೆ ಕಣ್ಣಿಗೆ ಬಿತ್ತು. ಹೋಟೆಲಿನದು ವರ್ಷಕ್ಕೆ ಹತ್ತು ದಿನದ ಮಾತು; ಮನೆಯದು ದಿನಾ ಇರುವಂಥದ್ದು. ನಮ್ಮಲ್ಲಿ ಸ್ಟೀಲಿನ ಲೋಟಗಳ ಮೇಲೆ ಪಾತ್ರೆ ಅಂಗಡಿಯವರಿಂದ ಹೆಸರು ಕೊರೆಸುವ ರೂಢಿ. ಅತ್ತೆಯ ಹೆಸರಿನದು, ಮಾವನವರ ಹೆಸರಿನದು, ಮದುವೆಯಲ್ಲಿ ಮುಯ್ಯಿ ಬಂದವು, ಎಲ್ಲ ಮುಂದಿನ ಹಲಗೆಯ ಮೇಲೆ ಸಾಲಾಗಿ ಇರುತ್ತವೆ. ಹಿತ್ತಿಲ ಬಾಗಿಲಿನ ಹತ್ತಿರ, ಬೇರೆ ಹಲಗೆಯ ಮೇಲೆ, ನಾಲ್ಕು ದೊಡ್ಡ ಲೋಟಗಳು. ಅವುಗಳ ಮೇಲೆ ಹೆಸರಿಲ್ಲ. ತೋಟದ ಕೆಲಸದವರಿಗೆ ಕಾಫಿ ಕೊಡುವುದು ಅವುಗಳಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅತ್ತೆಯನ್ನು ಕೇಳಿದ್ದೆ. "ಅವರಿಗೆ ಜಾಸ್ತಿ ಕಾಫಿ ಬೇಕಲ್ಲ, ಅದಕ್ಕೆ ದೊಡ್ಡ ಲೋಟ" ಎಂದಿದ್ದರು. ಎಷ್ಟು ಚೆಂದದ ಉತ್ತರ! ಮೂವತ್ತು ವರ್ಷ ನಾನೂ ಅದನ್ನೇ ನಂಬಿಕೊಂಡಿದ್ದೆ. ಸೂರಿನ ಲೋಟ ಕಂಡು ನಗಲಾರದೆ ಹೋದವಳ ಮನೆಯಲ್ಲೇ ಆ ಲೋಟ ಹಲಗೆ ಹತ್ತಿ ಕುಳಿತಿತ್ತು. ತೊಳೆಯುವ ಕೆಲಸವನ್ನು ನಾವು ವಹಿಸಿಕೊಂಡಿದ್ದೆವು, ಅಷ್ಟೇ ಸುಧಾರಣೆ.

ಒಂದು ಭಾನುವಾರ ಎಲ್ಲ ಲೋಟಗಳನ್ನೂ ತೊಳೆದು ಒಂದೇ ಹಲಗೆಯಲ್ಲಿ ಜೋಡಿಸಿದೆ. ಸೊಸೆ ನೋಡಿ ಮುಗುಳ್ನಕ್ಕಳು. ಅತ್ತೆ ಮಾತಾಡಲಿಲ್ಲ. ಮರುದಿನದಿಂದ ತಮ್ಮ ಹೆಸರಿನ ಲೋಟವನ್ನು ಕುಡಿದ ಮೇಲೆ ತಾವೇ ತೊಳೆದು, ತಮ್ಮ ಕೋಣೆಯ ಗೂಡಿನಲ್ಲಿ ಇಟ್ಟುಕೊಳ್ಳತೊಡಗಿದರು. ಈಗಲೂ ಹಾಗೇ ನಡೆದಿದೆ. ಎಂಬತ್ತು ದಾಟಿದ ಜೀವದ ಜೊತೆ ಲೋಟಕ್ಕಾಗಿ ಯುದ್ಧ ಮಾಡುವ ಧೈರ್ಯ ನನಗಿಲ್ಲ. ಇದು ಕರುಣೆಯೋ ಹೇಡಿತನವೋ ಎಂದು ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾರೆ. ಎರಡೂ ಇರಬೇಕು.

ಒಂದು ಹೋಟೆಲಿನ ತಿಂಡಿಗೆ ಇಷ್ಟೆಲ್ಲ ಯೋಚನೆ ಬೇಕೇ ಎಂದು ನಿಮಗೆ ಅನ್ನಿಸಿರಬಹುದು. ಜೀತ ಹೋಗಿದೆ, ಭೂಮಿಯ ಕಾನೂನು ಬಂದು ಹೋಗಿದೆ, ಲೈನಿನ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಇನ್ನೂ ನೀರುದೋಸೆಯ ಹತ್ತಿರ ನಿಂತುಕೊಂಡಿದ್ದೀರಾ ಎನ್ನಬಹುದು. ಒಪ್ಪುತ್ತೇನೆ. ಡ್ರೈವರನನ್ನು ಎಣಿಸಿದ್ದರಿಂದ ಅವನ ಜೀಪಿನ ಸಾಲದ ಕಂತು ಕಡಿಮೆಯಾಗಲಿಲ್ಲ. ಅವನ ಬಾಡಿಗೆಯನ್ನು ಚೌಕಾಸಿ ಮಾಡದೆ ಕೊಡುವುದು ಇದಕ್ಕಿಂತ ದೊಡ್ಡ ನ್ಯಾಯ. ಅದನ್ನೂ ಈಗ ಮಾಡುತ್ತೇವೆ, ನಮ್ಮ ಯಜಮಾನರು ಗೊಣಗುತ್ತಾರೆ. ಆದರೆ ದೊಡ್ಡ ನ್ಯಾಯಗಳು ನನ್ನ ಕೈಯಲ್ಲಿ ಇರುವುದು ಅಪರೂಪ. "ಎಷ್ಟು ಜನ?" ಎಂಬ ಪ್ರಶ್ನೆ ಮಾತ್ರ ನನ್ನನ್ನೇ ಕೇಳುತ್ತಾರೆ. ಉತ್ತರ ಹೇಳಬೇಕಾದವಳು ನಾನೇ.

ಕಳೆದ ತಿಂಗಳು ಮತ್ತೆ ಕೊಟ್ಟಿಗೆಹಾರದಲ್ಲಿ ಇಳಿದೆವು. ಮಂಜು ದಟ್ಟವಾಗಿತ್ತು, ಹತ್ತು ಮಾರು ದೂರದ ಬಸ್ಸು ಕಾಣುತ್ತಿರಲಿಲ್ಲ. ಮೇಜು ಒರೆಸುವ ಹುಡುಗ ಬೇರೆಯವನು, ಪ್ರಶ್ನೆ ಅದೇ.

"ಏಳು" ಎಂದೆ.

ಏಳು ಕುರ್ಚಿ ಬಂದವು. ನಮ್ಮ ಹುಡುಗ ಒಳಗೆ ಬಂದು ನೋಡಿದ. "ನಾನು ಅಲ್ಲಿ ಕೂತ್ಕೋತೀನಿ ಟೀಚರ್, ನಮ್ಮೋರು ಇದಾರೆ" ಎಂದು ಬಾಗಿಲ ಪಕ್ಕದ ಮೇಜು ತೋರಿಸಿದ. "ಸರಿ ಕಣೋ" ಎಂದೆ. ಅಲ್ಲಿ ಮೂವರು ಡ್ರೈವರುಗಳು ಜೋರಾಗಿ ಮಾತಾಡುತ್ತಿದ್ದರು. ಇವನು ಹೋಗಿ ಸೇರಿದ ಮೇಲೆ ಇನ್ನೂ ಜೋರಾಯಿತು. ಈ ಸಲ ಅವನ ಮುಖ ಗೋಡೆಯ ಕಡೆಗಿರಲಿಲ್ಲ.

ಖಾಲಿ ಕುರ್ಚಿಯ ಮೇಲೆ ಅತ್ತೆ ತಮ್ಮ ಚೀಲ ಇಟ್ಟರು. ಸ್ವಲ್ಪ ಹೊತ್ತಿಗೆ ಕಳಸದ ಬಸ್ಸಿಗೆ ಕಾಯುತ್ತಿದ್ದ ಯಾರೋ ವಯಸ್ಸಾದವರು ಬಂದು "ಇಲ್ಲಿ ಯಾರಾದ್ರೂ ಇದಾರಾ ಅಮ್ಮಾ?" ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.